ಎಂಟನೆಯ ಹೆಂಗಸು

“ನನ್ನ ಮಗಳನ್ನ ಸ್ಮಶಾನದ ಗೋಡೆ ಆಚೆ ಹೂತಿರಲ್ಲ ಫಾದರ್... ಈಗಲಾದ್ರೂ ಕಣ್ಣು ಬಿಟ್ಟು ನೋಡಿ!”

ಮುದುಕಿ ಹೊನೊರೀನ್ ಮೇಜಿಗೆ ಗುದ್ದಿದಳು. ಮೇಜಿನ ಮೇಲೆ ಚಿತ್ರ.

ನಾನು ಕದ್ದು ತಂದ ಚಿತ್ರ.

ಚರ್ಚಿನ ಹಿಂದಿನ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಹೊರಗೆ ಇಬ್ಬರು. ಪ್ಯಾರಿಸ್ಸಿನ ಚಿತ್ರ ವ್ಯಾಪಾರಿಯ ಆಳುಗಳು. ನಿನ್ನೆಯವರೆಗೆ ನಾನೂ ಅವನ ಆಳೇ! ರೈಲಿನಲ್ಲಿ ಒಬ್ಬನ ಹಲ್ಲು ಉದುರಿಸಿ ತಪ್ಪಿಸಿಕೊಂಡಿದ್ದೆ. ಈಗ ಅವನೇ ಬಾಗಿಲು ಒದೆಯುತ್ತಿದ್ದ.

“ಹೊರಗೆ ಬಾರೋ ಫಿರ್ಮೆನ್. ಕೈ ಮಾತ್ರ ಮುರೀತೀವಿ.”

“ಮೊದಲು ಹಲ್ಲು ಕಟ್ಟಿಸ್ಕೊಂಡು ಬಾ. ಮಾತು ಅರ್ಥ ಆಗ್ತಿಲ್ಲ.”

ಚಿತ್ರ ನಮ್ಮೂರಿನದೇ. ನಾರ್ಮಂಡಿಯ ದಂಡೆ. ಕಡಲು ಇಳಿದಾಗ ಕಲ್ಲುಗಳ ನಡುವೆ ಸಿಹಿನೀರು ಉಕ್ಕುತ್ತದೆ. ಅಗಸಗಿತ್ತಿಯರು ಸಾಲಾಗಿ ಮಂಡಿಯೂರಿ ಒಗೆಯುತ್ತಾರೆ. ಕಡಲು ಏರುವ ಮೊದಲು ಮುಗಿಸಬೇಕು. ಚಿತ್ರದಲ್ಲಿ ಏಳು ಬಾಗಿದ ಬೆನ್ನುಗಳು. ಯಾರಿಗೂ ಮುಖವಿಲ್ಲ, ಬರೀ ಕುಂಚದ ಹೊಡೆತ. ದೂರದಲ್ಲಿ, ಸೊಂಟದ ಮಟ್ಟದ ನೀರಿನಲ್ಲಿ, ಎಂಟನೆಯವಳು. ಅವಳ ಮುಂದೆ ಒಂದು ಬಿಳಿ ಮಚ್ಚೆ.

ಹಿಂಬದಿಯಲ್ಲಿ ಚಿತ್ರಕಾರ ತಾರೀಖು ಬರೆದಿದ್ದ. ಇಪ್ಪತ್ತು ವರ್ಷದ ಹಿಂದಿನದು. ಹೊನೊರೀನಳ ಮಗಳು, ಅಗಸಗಿತ್ತಿ ಅದೇಲ್ ಮುಳುಗಿದ ದಿನ.

ಬೇಕೆಂದೇ ಕಡಲಿಗಿಳಿದಳು ಎಂದಿತ್ತು ಊರು. ತಲೆ ಬಗ್ಗಿಸಿ ಒಗೆಯುತ್ತಿದ್ದ ಏಳು ಜನ ಏನನ್ನೂ ನೋಡಿರಲಿಲ್ಲ. ಮದುವೆ ಮುರಿದ ಹುಡುಗಿ ಬೇರೇನು ಮಾಡುತ್ತಾಳೆ? ಆತ್ಮಹತ್ಯೆ ಎಂದು ಫಾದರ್ ಬರೆದರು. ಹಾಗೆ ಸತ್ತವರಿಗೆ ಸ್ಮಶಾನದೊಳಗಿನ ಪವಿತ್ರ ಮಣ್ಣಿಲ್ಲ; ಅವಳಿಗೂ ಸಿಗಲಿಲ್ಲ.

ಮದುವೆ ಮುರಿದು ಪ್ಯಾರಿಸ್ಸಿಗೆ ಓಡಿದವನು ನಾನು.

ಆ ಬಿಳಿ ಮಚ್ಚೆ ಗಿರಾಕಿಗೆ ಹಿಡಿಸಲಿಲ್ಲ, ಬಣ್ಣ ಬಳಿಸಿ ಮುಚ್ಚುತ್ತೇನೆ ಎಂದ ವ್ಯಾಪಾರಿ. ಅದಕ್ಕೇ ಕದ್ದೆ.

“ಈ ಬಿಳೀದು ಹಾಸಿಗೆ ಬಟ್ಟೆ ಫಾದರ್,” ಎಂದಳು ಹೊನೊರೀನ್. “ಏರೋ ನೀರು ಎಳ್ಕೊಂಡು ಹೋಗಿದೆ. ಎರಡೂ ಕೈ ಚಾಚಿದಾಳೆ ನೋಡಿ. ಸಾಯೋಕೆ ಹೋಗೋಳು ಬಟ್ಟೆ ಹಿಡಿಯೋಕೆ ಹೋಗ್ತಾಳಾ?”

ಫಾದರ್ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಅವರ ಕಿವಿ ಕೆಂಪಾಯಿತು.

ಕಂಡಿತ್ತು ಅವರಿಗೆ. ಆದರೆ ಕಂಡದ್ದನ್ನು ಒಪ್ಪಿದರೆ ಇಪ್ಪತ್ತು ವರ್ಷದ ತಪ್ಪನ್ನೂ ಒಪ್ಪಬೇಕು...

“ನೊರೆ,” ಅಂದರು. “ಬರೀ ನೊರೆ ಕಣಮ್ಮ.”

ಹೊನೊರೀನ್ ಮೇಜು ಬಿಟ್ಟು ಬಾಗಿಲಿಗೆ ಬಂದಳು. ನನ್ನನ್ನು ಪಕ್ಕಕ್ಕೆ ಸರಿಸಿದಳು. ಅಗುಳಿ ತೆಗೆದಳು. ಒದೆಯಲು ಕಾಲೆತ್ತಿದ್ದವನು ಕಾಲು ಇಳಿಸಿ ದಾರಿ ಬಿಟ್ಟ. ಮಗಳ ಗೋರಿಯ ಹತ್ತಿರ ಒಂದು ಗಳಿಗೆ ನಿಂತಳು. ಆಮೇಲೆ ಫೆಕಾಂಪ್ ಪಟ್ಟಣದ ರಸ್ತೆ ಹಿಡಿದಳು. ಮತ್ತೆ ಆ ಊರಿಗೆ ಬರಲೇ ಇಲ್ಲ.

ನನ್ನ ಕೈ ಮುರಿದರು. ಚಿತ್ರ ಹೋಯಿತು. ಮಚ್ಚೆಯೂ ಹೋಯಿತಂತೆ.

ಹೊನೊರೀನ್ ತೋರಿಸಿದ್ದು ಊರಿಗೆಲ್ಲ ಹಬ್ಬಿ, ಮರುದಿನದಿಂದ ಅಗಸಗಿತ್ತಿಯರು ಯಾರೂ ಚರ್ಚಿನ ಬಟ್ಟೆ ಮುಟ್ಟುತ್ತಿಲ್ಲವಂತೆ. ಫಾದರ್ ತಮ್ಮ ಅಂಗಿ ತಾವೇ ಒಗೆದುಕೊಳ್ಳುತ್ತಾರೆ. ಕಳ್ಳತನಕ್ಕೆ ಜೈಲು ಸೇರಿದ ನಾನೂ ಇಲ್ಲಿ ಒಗೆದುಕೊಳ್ಳುತ್ತೇನೆ.

ಇಬ್ಬರದೂ ಬೆಳ್ಳಗಾಗುವುದಿಲ್ಲ.