ಗೇಟಿನಾಚೆಯ ಚಪ್ಪಲಿ ಸದ್ದು

"ಈ ಗೇಟು ಕೆಟ್ಟಿದೆ!"

ತರಗತಿಯ ಹತ್ತೂ ತಲೆಗಳು ಒಮ್ಮೆಲೇ ತಿರುಗಿದವು.

ವೆನಿಂಗ್‌ಳ ಕೆನ್ನೆಗಳು ಉಬ್ಬಿದ್ದವು. ಕೋಪದಿಂದಷ್ಟೇ ಅಲ್ಲ, ಅವಳ ಬಾಯಿ ತುಂಬ ನೀರಿತ್ತು! ಅದು ಶಿಕ್ಷಕಿ ಬು ಹೆಸ್ತಿಯವರ ಕಟ್ಟಳೆ. ಒಬ್ಬರು ಮಾಡಿದ ಗೇಮನ್ನು ಇನ್ನೊಬ್ಬರು ಆಡಿ ನೋಡುವಾಗ, ಮಾಡಿದವರು ಬಾಯಲ್ಲಿ ನೀರು ಹಿಡಿದು ಪಕ್ಕದಲ್ಲಿ ಕೂರಬೇಕು. ವಿವರಿಸುವಂತಿಲ್ಲ, ಸುಳಿವು ಕೊಡುವಂತಿಲ್ಲ.

ಹಾಗೆ ಕೂಗಿದವನು, ಅವಳ ಗೇಮ್ ಆಡುತ್ತಿದ್ದ ತೋಗಾರ್. ಗೇಮ್ ತಯಾರಿಸಲು ಕಲಿಸುವ ಆರು ತಿಂಗಳ ಕೋರ್ಸಿಗೆ ಮೂರನೆಯ ತಿಂಗಳಲ್ಲಿ ದೂರದ ಮೇದಾನ್ ನಗರದಿಂದ ಬಂದು ಸೇರಿದ್ದ, ಮುಚ್ಚುಮರೆಯಿಲ್ಲದ ಮಾತಿಗೆ ಹೆಸರಾದ ಬಾತಾಕ್ ಜನಾಂಗದ ತರುಣ. ಪರದೆಯ ಮೇಲೆ, ಬೆನ್ನಿನ ಬುಟ್ಟಿಯಲ್ಲಿ ಜಾಮು ಕಷಾಯದ ಬಾಟಲಿಗಳನ್ನು ಹೊತ್ತ ಅಜ್ಜಿಯೊಬ್ಬಳು ಮನೆಯೊಂದರ ಗೇಟಿನ ಮುಂದೆ ನಿಂತಿದ್ದಳು. ತೋಗಾರ್ ಒಂದೊಂದೇ ಕೀ ಒತ್ತಿದ. ಆಮೇಲೆ ಎಲ್ಲ ಕೀಗಳನ್ನೂ ಒಟ್ಟಿಗೆ ಕುಟ್ಟಿದ. ಅಜ್ಜಿ ಗೇಟಿಗೆ ತಲೆ ಹೊಡೆದುಕೊಳ್ಳತೊಡಗಿದಳು.

ಗುಟುಕ್! ವೆನಿಂಗ್ ನೀರು ನುಂಗಿದಳು.

"ಕಾಯ್ಬೇಕು! 'ಕುಲೋ ನುವುನ್' ಅಂತ ಕರೆದ್ಮೇಲೆ ಸುಮ್ನೆ ನಿಂತು ಕಾಯ್ಬೇಕು. ಒಳಗಿನೋರು ಬಂದು ತೆಗೀತಾರೆ. ಕಂಡೋರ ಮನೆ ಗೇಟನ್ನ ಯಾರಾದ್ರೂ ಗುದ್ದುತಾರಾ?"

"ಎಷ್ಟು ಹೊತ್ತು ಕಾಯ್ಬೇಕು, ಮ್ಬಾಕ್?" ಎಂದ ತೋಗಾರ್, ಹುಡುಗಿಯರನ್ನು ಮರ್ಯಾದೆಯಿಂದ ಕರೆಯುವ ಇಲ್ಲಿನ ಮಾತಿನಲ್ಲಿ.

"ಇಪ್ಪತ್ತು ಸೆಕೆಂಡು!"

"ಅಯ್ಯೋ! ಅಷ್ಟರಲ್ಲಿ ನಮ್ಮ ಕಡೆಯೋರು ಒಳಗೆ ಹೋಗಿ, ಊಟ ಮಾಡಿ, ಒಂದು ಜಗಳಾನೂ ಮುಗಿಸಿ ಆಚೆ ಬಂದಿರ್ತಾರೆ."

ತರಗತಿ ನಕ್ಕಿತು. ವೆನಿಂಗ್ ನಗಲಿಲ್ಲ.

"ಬಾಂಗ್ ತೋಗಾರ್, ನಿಮಗೆ ಬೇಕಿರೋದು ಗೇಮ್ ಅಲ್ಲ, ಸುತ್ತಿಗೆ!" ಸಿಟ್ಟಿನಲ್ಲೂ ಗಂಡಸರಿಗೆ ಸಲ್ಲುವ ಮರ್ಯಾದೆಯ 'ಬಾಂಗ್' ಬಿಡಲಿಲ್ಲ ಅವಳು.

ಅವಳು ಹೊರಗಿನ ಮೆಟ್ಟಿಲ ಮೇಲೆ ಕುಳಿತು ಅತ್ತಳು. ಉಳಿದವರೆಲ್ಲ 'ಬಾಗುಸ್, ಬಾಗುಸ್' ಎಂದು ಹೊಗಳಿರಲಿಲ್ಲವೇ? ಇವನೊಬ್ಬನಿಗೇ ಯಾಕೆ ಚೆನ್ನಾಗಿಲ್ಲ?

ಅಳುವುದಕ್ಕೆ ಅದೊಂದೇ ಕಾರಣವಾಗಿರಲಿಲ್ಲ. ಕ್ಲಾತೆನ್‌ನಲ್ಲಿ ಚಿಕ್ಕಪ್ಪನ ಔಷಧಿ ಅಂಗಡಿಯ ಕೆಲಸ ಬಿಟ್ಟು ಅವಳು ಈ ಕೋರ್ಸಿಗಾಗಿ ಜೋಗ್ಯ ನಗರಕ್ಕೆ ಬಂದಿದ್ದಳು. ಅಮ್ಮ ಒಪ್ಪಿದ್ದು ಆರೇ ತಿಂಗಳಿಗೆ. ಕೊನೆಯ ಪ್ರದರ್ಶನದ ದಿನ, ಅಪರಿಚಿತರೊಬ್ಬರು ಯಾರ ನೆರವೂ ಇಲ್ಲದೆ ಅವಳ ಗೇಮನ್ನು ಕೊನೆಯವರೆಗೆ ಆಡಿದರೆ ಬು ಹೆಸ್ತಿಯವರ ಸ್ಟುಡಿಯೋದಲ್ಲಿ ಕೆಲಸ. ಇಲ್ಲವಾದರೆ ಮತ್ತೆ ಅದೇ ಅಂಗಡಿ, ಅದೇ ಮಾತ್ರೆಗಳು.

ಮುಂದಿನ ವಾರಗಳು ಅವಳ ಸಹನೆಯನ್ನು ಅಂಗುಲ ಅಂಗುಲವಾಗಿ ಅಳೆದವು. ಚಿತ್ರ ಬಿಡಿಸುವುದನ್ನು ಕಲಿತಾಗ ಕೋಡ್ ಕೈಕೊಟ್ಟಿತು. ಕೋಡ್ ಸರಿಹೋಯಿತು ಎನ್ನುವಷ್ಟರಲ್ಲಿ ಬಾಟಲಿಗಳು ಗಾಳಿಯಲ್ಲಿ ತೇಲಿದವು. ಬಾಟಲಿಗಳನ್ನು ಕೆಳಗಿಳಿಸಿದರೆ ಅಜ್ಜಿಯೇ ನೆಲದೊಳಗೆ ಇಳಿದುಹೋದಳು! ಒಂದು ತಪ್ಪು ತಿದ್ದಿದರೆ ಮೂರು ಹುಟ್ಟುತ್ತಿದ್ದವು.

"ಮ್ಬಾಕ್, ನಿಮ್ಮಜ್ಜಿಗೆ ಸೊಂಟದವರೆಗೆ ಮಣ್ಣು," ಎನ್ನುತ್ತಿದ್ದ ತೋಗಾರ್, ಹಿಂದಿನಿಂದ ಇಣುಕಿ.

"ಕಣ್ಣಿದೆ ನನಗೂ!"

"ಕಣ್ಣಿದೆ. ಊಟ ಆಗಿಲ್ಲ." ಬಾಳೆಯೆಲೆಯಲ್ಲಿ ಸುತ್ತಿದ ಅನ್ನದ ಪೊಟ್ಟಣವೊಂದನ್ನು ಮೇಜಿನ ಮೇಲಿಟ್ಟು ಹೋಗುತ್ತಿದ್ದ.

ಅವನು ಹೇಳಿದ ಪ್ರತಿಯೊಂದು ತಪ್ಪೂ ನಿಜವಾಗಿರುತ್ತಿತ್ತು. ಅದೇ ಅವಳಿಗೆ ಸಿಟ್ಟು. ಕೆಲವೊಮ್ಮೆ ಅವನು ಬಾರದ ದಿನ ಪೊಟ್ಟಣವಿಲ್ಲದ ಮೇಜನ್ನು ನೋಡಿದರೆ... ಅದು ಮಾತ್ರ ಸಿಟ್ಟಾಗಿರಲಿಲ್ಲ.

ಗೇಟಿನ ವಿಷಯವನ್ನು ಮಾತ್ರ ಅವನು ಮತ್ತೆ ಎತ್ತಲಿಲ್ಲ. ಅವಳೂ ಹಟದಿಂದ ಅದನ್ನು ಮುಟ್ಟಲಿಲ್ಲ.

ಪ್ರದರ್ಶನಕ್ಕೆ ಐದು ದಿನ ಉಳಿದಿರುವಾಗ ಎಲ್ಲರೂ ಕೊನೆಯ ಬಾರಿ ವೆನಿಂಗ್‌ಳ ಗೇಮ್ ಆಡಿ ನೋಡಿದರು. ಹಿಂದಿನ ದಿನವಷ್ಟೇ ಬು ಹೆಸ್ತಿ ಹೊಸ ಪಾಠ ಹೇಳಿಕೊಟ್ಟಿದ್ದರು: ಯಾರು ಎಷ್ಟು ಹೊತ್ತು ಆಡಿದರು, ಎಲ್ಲಿ ಬಿಟ್ಟರು ಎಂಬುದನ್ನು ಗೇಮೇ ಬರೆದಿಟ್ಟು, ಮಾಡಿದವರಿಗೆ ಕಳಿಸುವ ವಿಧಾನ. ಈ ಸಲ ಪ್ರತಿಯೊಬ್ಬರೂ ತಮ್ಮ ತಮ್ಮ ಲ್ಯಾಪ್‌ಟಾಪಿನಲ್ಲಿ ಆಡಿದರು.

"ಹೇಗಿತ್ತು?" ಎಂದು ಕೇಳಿದಳು. 'ಬಾಗುಸ್' ಎಂದರು ಒಂಬತ್ತು ಮಂದಿ.

"ಚೆನ್ನಾಗಿದೆ, ಮ್ಬಾಕ್. ತುಂಬಾ ಚೆನ್ನಾಗಿದೆ," ಎಂದ ತೋಗಾರ್, ನೆಲ ನೋಡುತ್ತ.

ಅವನೇ ಹೇಳಿದ್ದಾನೆ!

ನಂತರ ದಾಖಲೆ ತೆರೆದಳು.

ಗೇಟು, ಹನ್ನೊಂದು ಸೆಕೆಂಡು, ಬಿಟ್ಟರು. ಗೇಟು, ಒಂಬತ್ತು ಸೆಕೆಂಡು, ಬಿಟ್ಟರು. ತೋಗಾರ್: ಗೇಟು, ಹದಿನಾಲ್ಕು ಸೆಕೆಂಡು, ಬಿಟ್ಟರು.

ಹತ್ತು ಸಾಲು. ಒಬ್ಬರೂ ಗೇಟು ದಾಟಿರಲಿಲ್ಲ.

ಎಲ್ಲರೂ ಮರ್ಯಾದೆಗೆ ಸುಳ್ಳು ಹೇಳಿದ್ದರು. ಅದು ಜೋಗ್ಯದವರ ಅಭ್ಯಾಸ, ಸಹಿಸಬಹುದು. ಆದರೆ ಅವನು?

ಸಂಜೆಯ ಬಿಸಿಲಿನಲ್ಲೇ ಅವನ ಬಾಡಿಗೆ ಮನೆಗೆ ನಡೆದಳು. ಗೇಟು ಮುಚ್ಚಿತ್ತು.

"ಕುಲೋ ನುವುನ್!"

ಮೌನ.

"ಕುಲೋ ನುವುನ್..."

ಮತ್ತೆ ಮೌನ. ಮನೆಯಲ್ಲಿ ಇಲ್ಲವೇನೋ... ಹಿಂದಿರುಗಲು ಹೆಜ್ಜೆ ಎತ್ತಿದಳು.

ಸರಕ್... ಸರಕ್...

ಒಳಗೆಲ್ಲೋ ರಬ್ಬರ್ ಚಪ್ಪಲಿ ಎಳೆದ ಸದ್ದು. ಅವಳ ಕಾಲು ತಾನಾಗಿಯೇ ನಿಂತಿತು.

ಗೇಟು ತೆರೆದ ತೋಗಾರ್ ಬೆಚ್ಚಿದ. "ಮ್ಬಾಕ್ ವೆನಿಂಗ್?"

"ಸುಳ್ಳು ಯಾಕೆ ಹೇಳಿದ್ರಿ? ಹದಿನಾಲ್ಕು ಸೆಕೆಂಡಿಗೆ ಬಿಟ್ಟಿದ್ದೀರ!"

"ಅವತ್ತು ನಿಜ ಹೇಳ್ದೆ. ನೀವು ಮೆಟ್ಟಿಲ ಮೇಲೆ ಕೂತು ಅತ್ರಿ. ಆ ಅಳು ನೋಡಿದ್ಮೇಲೆ... ಆ ಗೇಟಿನ ಬಗ್ಗೆ ನಾಲಿಗೆ ಏಳಲ್ಲ."

"ನಿಜ ಹೇಳೋರು ಅಂತ ನನಗಿದ್ದಿದ್ದು ನೀವೊಬ್ರೇ! ನೀವೂ ಜೋಗ್ಯದವರಾಗ್ಬಿಟ್ರಾ?"

"ಹಾಗಾದ್ರೆ ಕೇಳಿ," ಅವನ ದನಿಯೂ ಏರಿತು. "ಒಳಗೆ ಯಾರಾದ್ರೂ ಇದ್ದಾರಾ ಇಲ್ವಾ ಅಂತಾನೇ ಗೊತ್ತಾಗ್ದೆ, ಮನುಷ್ಯ ಎಷ್ಟು ಹೊತ್ತು ಅಂತ ಕಾಯ್ತಾನೆ?"

ಅವಳ ದೃಷ್ಟಿ ಅವನ ಕಾಲುಗಳ ಮೇಲಿತ್ತು. ಸವೆದ ನೀಲಿ ರಬ್ಬರ್ ಚಪ್ಪಲಿಗಳು.

"ಒಳಗೆ ಹೋಗಿ ಮತ್ತೆ ಬನ್ನಿ."

"ಏನು?"

"ಚಪ್ಪಲಿ ಎಳ್ಕೊಂಡು ಬನ್ನಿ. ಬೇಗ!" ಅವಳು ಮೊಬೈಲ್ ಹಿಡಿದು ಸದ್ದನ್ನು ದಾಖಲಿಸಿಕೊಂಡಳು. ಮೂರು ಸಲ ನಡೆಸಿದಳು. ನಾಲ್ಕನೆಯ ಸಲ ಅವನು ಗೇಟಿಗೆ ಬರುವಷ್ಟರಲ್ಲಿ ಅವಳು ಬೀದಿಯ ತಿರುವು ದಾಟಿ ಓಡುತ್ತಿದ್ದಳು.

"ಮ್ಬಾಕ್! ಬೈದಿದ್ದು ಮುಗೀತಾ, ಇನ್ನೂ ಇದ್ಯಾ?"

ಉತ್ತರ ಬರಲಿಲ್ಲ. ಮುಂದಿನ ನಾಲ್ಕು ದಿನವೂ ಬರಲಿಲ್ಲ. ಅವನು ಕಳಿಸಿದ ಒಂಬತ್ತು ಸಂದೇಶಗಳನ್ನು ಅವಳು ತೆರೆಯಲಿಲ್ಲ, ಮೊಬೈಲನ್ನೇ ಕಪಾಟಿನೊಳಗಿಟ್ಟು ಕೋಡ್ ತಿದ್ದುತ್ತಿದ್ದಳು. ಅವನಿಗೆ ಅದು ಹೇಗೆ ತಿಳಿಯಬೇಕು? ಅವಳ ಮನಸ್ಸಿನ ಬಾಗಿಲು ಮುಚ್ಚಿಹೋಯಿತೆಂದೇ ಅವನು ನಂಬಿದ.

ಪ್ರದರ್ಶನದ ದಿನ. ವೆನಿಂಗ್‌ಳ ಬಾಯಿ ತುಂಬ ನೀರು.

ಅವಳ ಗೇಮಿನ ಮುಂದೆ ಕುಳಿತವರು ಒಬ್ಬ ನಿವೃತ್ತ ಅಂಚೆಯಣ್ಣ. ಕೀಗಳನ್ನು ಒಂದೇ ಬೆರಳಿನಿಂದ ಒತ್ತುತ್ತಿದ್ದರು. ಅಜ್ಜಿ ಓಣಿ ದಾಟಿದಳು, ಗೇಟಿನ ಮುಂದೆ ನಿಂತು 'ಕುಲೋ ನುವುನ್' ಎಂದಳು.

ಅವರು ಕೀ ಒತ್ತಿದರು. ಗೇಟು ತೆರೆಯಲಿಲ್ಲ. ಮತ್ತೊಮ್ಮೆ ಒತ್ತಿದರು. 'ಬಿಟ್ಟುಬಿಡ್ತಾರೆ... ಬಿಟ್ಟೇಬಿಡ್ತಾರೆ!' ವೆನಿಂಗ್ ಕಣ್ಣು ಮುಚ್ಚಿದಳು.

ಸರಕ್... ಸರಕ್...

ಮುದುಕರ ಬೆರಳು ಗಾಳಿಯಲ್ಲೇ ನಿಂತಿತು. "ಓ, ಬರ್ತಿದ್ದಾರೆ," ಎಂದು ಗೊಣಗಿ, ನಿಜವಾದ ಮನೆಯೊಂದರ ಮುಂದೆ ನಿಂತವರಂತೆ ಎರಡೂ ಕೈ ಕಟ್ಟಿಕೊಂಡರು. ಗೇಟು ತೆರೆಯಿತು.

ಆರು ನಿಮಿಷಗಳ ನಂತರ ಅಜ್ಜಿಯ ಕೊನೆಯ ಬಾಟಲಿ ಖಾಲಿಯಾಗಿ ಗೇಮ್ ಮುಗಿಯಿತು. ದೂರದಲ್ಲಿ ನಿಂತಿದ್ದ ಬು ಹೆಸ್ತಿ ಒಮ್ಮೆ ತಲೆಯಾಡಿಸಿ, ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ಗುರುತು ಹಾಕಿದರು.

ಅಂಚೆಯಣ್ಣ ಎದ್ದ ಕುರ್ಚಿಯಲ್ಲಿ ಬಂದು ಕುಳಿತವನು ತೋಗಾರ್! ವೆನಿಂಗ್ ಇನ್ನೂ ನೀರು ನುಂಗಿರಲಿಲ್ಲ. ಅವನು ಏನನ್ನೂ ಕೇಳದೆ ಆಡಿದ. ಗೇಟಿನ ಮುಂದೆ ಸದ್ದು ಕೇಳಿದೊಡನೆ ಅವನ ಕೈ ನಿಂತಿತು.

"ಇದು... ನನ್ನ ಚಪ್ಪಲಿ."

ಅವಳು ತಲೆಯಾಡಿಸಿದಳು.

ಅವನು ಪರದೆಯತ್ತಲೇ ನೋಡುತ್ತ ಮೆಲ್ಲಗೆ ಹೇಳಿದ: "ಬಾಯಲ್ಲಿ ನೀರಿರೋವಾಗ್ಲೇ ಹೇಳಿಬಿಡ್ತೀನಿ, ಇಲ್ಲಾಂದ್ರೆ ನೀವು ಬೈತೀರ. ಮೂರು ತಿಂಗಳಿಂದ ನಾನೂ ಒಂದು ಗೇಟಿನ ಮುಂದೆ ನಿಂತಿದ್ದೀನಿ. ನಮ್ಮ ಕಡೆಯವನು, ಆದ್ರೂ ಗುದ್ದಿಲ್ಲ. ಒಳಗೆ ಯಾರಾದ್ರೂ ಇದ್ದಾರಾ, ವೆನಿಂಗ್? ಕಾಯ್ಲಾ... ಹೋಗ್ಲಾ?"

ವೆನಿಂಗ್‌ಳ ಕಣ್ಣು ತುಂಬಿತು. ಬಾಯಿ ಮೊದಲೇ ತುಂಬಿತ್ತು.

ಮೇಜಿನ ಕೆಳಗೆ ಅವಳು ಚಪ್ಪಲಿಯನ್ನು ನೆಲದ ಮೇಲೆ ಎಳೆದಳು.

ಸರಕ್... ಸರಕ್...

ತೋಗಾರ್ ಕೀಲಿಮಣೆಯಿಂದ ಕೈ ತೆಗೆದು, ಎರಡೂ ಕೈ ಕಟ್ಟಿಕೊಂಡು ನೆಟ್ಟಗೆ ಕುಳಿತ.

ಗುಟುಕ್!

"ಯಾಕೆ ಹಾಗೆ ಕೂತ್ರಿ?" ಎಂದಳು, ನಗುತ್ತ, ಕೆನ್ನೆ ಒರೆಸಿಕೊಳ್ಳುತ್ತ.

"ಬರ್ತಿದ್ದಾರಲ್ಲ... ಕಾಯ್ತಿದ್ದೀನಿ."

"ಬಂದಾಯ್ತು, ಬಾಂಗ್."