ಬೀದಿ ಸೊಳ್ಳೆಗಳ ಸಾಕ್ಷಿ

ಚರಂಡಿ ನೀರು ಮೂಗಿಗೇ ನುಗ್ಗಿತು!

ಕೊಳೆತ ಕೂದಲು, ಸೋಪಿನ ನೊರೆ, ಇನ್ನೇನೋ ಲೋಳೆ... ಥೂ!

ಬೆನ್ನ ಮೇಲೆ ಮಂಡಿಯೂರಿ ಕೂತಿದ್ದವನು ಗೂಳಿ. ಸೊಳ್ಳೆ ಸಾಕಿ ಊರಿಗೆ ಬಿಡುವ ಕಂಪನಿಯ ಮ್ಯಾನೇಜರ್‌ನ ಬಂಟ.

"ಡಬ್ಬಿ ಎಲ್ಲೋ?"

"ಯಾವ ಡಬ್ಬಿ?"

ಮತ್ತೆ ಮುಳುಗಿಸಿದ. ಈ ಸಲ ಬಾಯಿ ತೆರೆದಿತ್ತು. ರುಚಿ ಮಾತ್ರ ಕೇಳಬೇಡಿ!

ಅವನ ಹೆಬ್ಬೆರಳು ಹಲ್ಲಿಗೆ ಸಿಕ್ಕಿತು. ಕಚ್ಚಿದೆ. ಅವನು ಅರಚಿದ. ನಾನು ಎದ್ದೆನೋ ಬಿದ್ದೆನೋ ಅಂತ ಓಡಿದೆ!

ಡಬ್ಬಿ ಶರ್ಟಿನೊಳಗೇ ಇತ್ತು. ಅದರೊಳಗೆ, ಕಂಪನಿ ತನ್ನ ಸೊಳ್ಳೆ ಬಿಟ್ಟಿದ್ದ ಬೀದಿಯಲ್ಲಿ ನಾನು ಹಿಡಿದ ಸೊಳ್ಳೆಗಳು.

ನಾನು ಬಾಡಿಗೆ ಪತ್ತೇದಾರ. ಪರಾರಿ ಗಂಡಂದಿರನ್ನು ಹಿಡಿದಿದ್ದೇನೆ. ಸೊಳ್ಳೆ ಹಿಡಿದದ್ದು ಇದೇ ಮೊದಲು. ಕೆಲಸ ಕೊಟ್ಟವಳು ಲ್ಯಾಬ್ ನಡೆಸುವ ನನ್ನ ಅತ್ತಿಗೆ.

"ತಂದ್ಯಾ? ಇಶ್ಶೀ... ದೂರ ನಿಲ್ಲು!" ಅಂದಳು.

ಒಂದೊಂದೇ ಸೊಳ್ಳೆಯನ್ನು ಟ್ಯೂಬಿಗೆ ಹಾಕಿ ಅರೆದಳು. ಬೂದು ಗಸಿ.

"ಕಂಪನಿ ಸೊಳ್ಳೆ ಮೈಯಲ್ಲಿ ಒಂದು ಬ್ಯಾಕ್ಟೀರಿಯಾ ಇರುತ್ತೆ," ಅಂದಳು. "ಅದಿದ್ರೆ ಜ್ವರದ ವೈರಸ್ ಬೆಳೆಯೋದು ಕಷ್ಟ. ಬೀದಿ ಸೊಳ್ಳೆ ಜೊತೆ ಕೂಡಿ ಮರಿಗಳಿಗೂ ಅದು ದಾಟಬೇಕು. ದಾಟಿದ್ರೆ ಡಿಎನ್‌ಎ ಪರೀಕ್ಷೇಲಿ ಗೆರೆ ಹೊಳೆಯುತ್ತೆ."

"ಬೀದೀಲಿ ಹಿಡಿದದ್ದು ಅಂತ ಕಂಪನಿಯವರು ಲ್ಯಾಬಿಗೆ ಕೊಟ್ಟ ಸೊಳ್ಳೆ ಎಲ್ಲಾ ಹೊಳೀತಲ್ಲ?"

"ಅದೇ ಅನುಮಾನ! ಆಸ್ಪತ್ರೆ ತುಂಬಾ ಜ್ವರದ ಮಕ್ಕಳಿದಾರೆ, ಸೊಳ್ಳೆ ಮಾತ್ರ ಸಾಚಾ?"

ಸಂಜೆ ನೀಲಿ ಬೆಳಕಿನಡಿ ನೋಡಿದೆವು. ಕಂಪನಿ ಕೊಟ್ಟ ಸೊಳ್ಳೆಗಳು... ಗೆರೆ! ನಾನು ತಂದವು... ಕತ್ತಲು. ಒಂದರಲ್ಲೂ ಇಲ್ಲ!

"ಸಾಕಿದ್ದನ್ನೇ ಬೀದೀದು ಅಂತ ಕೊಟ್ಟಿದಾರೆ," ಅಂದಳು ಅತ್ತಿಗೆ. "ಹೇಸಿಗೆ ಜನ!"

ಧಡ್!

ಬಾಗಿಲಲ್ಲಿ ಮ್ಯಾನೇಜರ್. ಹಿಂದೆ ಗೂಳಿ, ಬೆರಳಿಗೆ ಬಟ್ಟೆ ಸುತ್ತಿಕೊಂಡು.

"ಎಲ್ಲ ಸುಟ್ಟುಹಾಕು ಗೂಳಿ! ಆ ಬೀದಿ ಸೇಫ್ ಇದೆ."

"ಹೌದಾ?" ಅತ್ತಿಗೆ ಬಲೆಯ ಬೋನೊಂದನ್ನು ಮುಂದೆ ತಳ್ಳಿದಳು. ಒಳಗೆ ಗುಂಯ್ ಅಂತ ಸೊಳ್ಳೆಗಳು. "ಆ ಬೀದಿ ನೀರಲ್ಲೇ ಹುಟ್ಟಿದವು. ಕೈ ಇಡಿ ನೋಡೋಣ."

ಅವನ ಮುಖ ಬಿಳಿಚಿತು.

"ಇಡಿ ಸಾರ್," ಅಂದ ಗೂಳಿ. ದನಿ ಬೇರೆಯಾಗಿತ್ತು. "ನನ್ನ ಮಗಳು ಆಡೋದು ಅದೇ ಬೀದೀಲಿ. ಈಗ ಜ್ವರದಲ್ಲಿ ಬಡಬಡಿಸ್ತಿದಾಳೆ. ಸೇಫ್ ಅಂದ್ರಲ್ಲ?"

ಮ್ಯಾನೇಜರ್‌ನ ಮಣಿಕಟ್ಟು ಹಿಡಿದು ಕೈಯನ್ನು ಬೋನಿಗೆ ತುರುಕಿದ!

"ಬೇಡ್ವೋ! ಅವುಗಳಲ್ಲಿ ಬ್ಯಾಕ್ಟೀರಿಯಾ ಇಲ್ಲ! ಸೊಳ್ಳೆ ಬದಲಾಯಿಸಿದ್ದು ನಾನೇ... ಬಿಡೋ!"

ಮೇಜಿನ ಮೇಲೆ ಅತ್ತಿಗೆಯ ಫೋನು ಎಲ್ಲ ರೆಕಾರ್ಡ್ ಮಾಡಿಕೊಳ್ಳುತ್ತಿತ್ತು.

ಗೂಳಿ ಆಸ್ಪತ್ರೆಗೆ ಓಡಿದ. ಪೊಲೀಸರು ಎಳೆದೊಯ್ಯುವಾಗ ಮ್ಯಾನೇಜರ್ ಗಳಗಳ ಅಳುತ್ತಾ ಕೈ ಕೆರೆದುಕೊಳ್ಳುತ್ತಿದ್ದ.

"ಅವನಿಗೂ ಜ್ವರ ಬರುತ್ತಾ ಅತ್ತಿಗೆ?"

"ಎಲ್ಲಿಂದ ಬರಬೇಕು? ಆ ಬೋನಲ್ಲಿ ಇದ್ದದ್ದು ಬರೀ ಗಂಡು. ಗಂಡು ಸೊಳ್ಳೆ ಕಚ್ಚಲ್ಲ ಕಣೋ."

ಊರಿಗೇ ಸೊಳ್ಳೆ ಮಾರಿದವನಿಗೆ ಅಷ್ಟೂ ಗೊತ್ತಿರಲಿಲ್ಲ... ಥೂ!