ಕಂಬ ನಡೆದ ಪ್ರಕರಣ

ಮಂಗಳವಾರ ಬೆಳಗ್ಗೆ ಹತ್ತೂಕಾಲಿಗೆ ವಿದ್ಯುತ್ ಇಲಾಖೆಯ ಜೂನಿಯರ್ ಎಂಜಿನಿಯರ್ ಠಾಣೆಗೆ ಬಂದು, ಕೂರಿ ಎನ್ನುವ ಮೊದಲೇ ಕೂತು, ತಮ್ಮ ಇಲಾಖೆಯ ಕಂಬವೊಂದು ಹತ್ತು ಮೀಟರ್ ನಡೆದುಹೋಗಿದೆ ಎಂದು ದೂರು ಕೊಟ್ಟರು.

ಇನ್‌ಸ್ಪೆಕ್ಟರ್ ಆಗಷ್ಟೇ ಇಬ್ಬರು ಮಕ್ಕಳನ್ನು ಶಾಲೆಗೆ ದಬ್ಬಿ, ಕಿರಿಯವಳ ಒಂದು ಕಾಲುಚೀಲ ಎಲ್ಲೂ ಸಿಗದೆ ಅಣ್ಣನದನ್ನೇ ಮಡಚಿ ತೊಡಿಸಿ ಬಂದಿದ್ದರು. ಅವರು ಪೆನ್ನು ಕೆಳಗಿಟ್ಟರು.

"ತಾನಾಗೇ ನಡೀತೋ, ಯಾರಾದ್ರೂ ಕೈ ಹಿಡಿದು ನಡೆಸಿದ್ರೋ?"

"ತಮಾಷೆ ಅಲ್ಲ ಮೇಡಂ. ನನ್ನ ಕೆಲಸಕ್ಕೇ ಕುತ್ತು ಬಂದಿದೆ."

ವಿಷಯ ಇಷ್ಟು. ಮನೆಮನೆಗೂ ದೀಪ ಕೊಡುವ ಸರ್ಕಾರದ ಯೋಜನೆಯಲ್ಲಿ, ಕಂಬದಿಂದ ಮೂವತ್ತು ಮೀಟರಿನೊಳಗಿನ ಮನೆಗೆ ಸಂಪರ್ಕ ಉಚಿತ. ಅದಕ್ಕಿಂತ ಒಂದು ಗೇಣು ಆಚೆ ಇದ್ದರೂ ಹೊಸ ಕಂಬದ ಖರ್ಚು ಮನೆಯವರದು. ಊರ ಅಂಚಿನ ಕೊನೆಯ ಓಣಿಯಲ್ಲಿ ಎಲ್ಲ ಮನೆಗೂ ಕರೆಂಟು ಬಂದಿತ್ತು, ಕಟ್ಟಕಡೆಯದೊಂದನ್ನು ಬಿಟ್ಟು. ಅದು ಓಣಿಯವರೆಲ್ಲ ದೊಡ್ಡಮ್ಮ ಎಂದು ಕರೆಯುವ ಹೆಂಗಸಿನ ಮನೆ. ಎಂಜಿನಿಯರ್ ಅಳೆದಾಗ ಮೂವತ್ತೊಂಬತ್ತು ಮೀಟರ್ ಬಂದಿತ್ತು. ಅರ್ಜಿ ತಿರಸ್ಕರಿಸಿ ಸಹಿ ಹಾಕಿದ್ದರು. ನಿನ್ನೆ ದೊಡ್ಡಮ್ಮ ಮತ್ತೆ ಅರ್ಜಿ ಕೊಟ್ಟಳು. ಮತ್ತೆ ಅಳೆದರೆ ಇಪ್ಪತ್ತೊಂಬತ್ತು. ಮೇಲಧಿಕಾರಿ ನೋಟಿಸ್ ಕಳಿಸಿದ್ದರು: ಎರಡರಲ್ಲಿ ಯಾವುದು ಸುಳ್ಳು, ಉತ್ತರಿಸಿ. ಯೋಜನೆಯ ಗಡುವು ಈ ಶನಿವಾರ.

"ಮೊದಲ ಸಲ ತಪ್ಪಾಗಿ ಅಳೆದಿರಬಹುದಲ್ಲ?"

"ಮೂರು ಸಲ ಅಳೆದೆ ಮೇಡಂ. ಆಯಮ್ಮ ಬಿಡಬೇಕಲ್ಲ! 'ಟೇಪು ಜಗ್ಗಿ ಹಿಡಿಯಪ್ಪ, ನಿಮ್ಮನೇಲಿ ಊಟ ಹಾಕಲ್ವಾ' ಅಂತ ಪಕ್ಕದಲ್ಲೇ ನಿಂತಿದ್ರು."

"ಕಂಬಾನೇ ಸರಿದಿದೆ ಅಂತ ಹೇಗೆ ಹೇಳ್ತೀರಿ?"

"ನನ್ನ ಸರ್ವಿಸಿನಲ್ಲಿ ಕಂಬ ಸರಿಯೋದು ಎಷ್ಟೋ ನೋಡಿದ್ದೀನಿ. ಗೇಟಿಗೆ ಅಡ್ಡ ಅಂತ ಒಬ್ಬ ಸರಿಸ್ತಾನೆ, ಅಂಗಡಿಗೆ ಅಡ್ಡ ಅಂತ ಇನ್ನೊಬ್ಬ. ಬೇರೇನು ಸರಿಯುತ್ತೆ ಹೇಳಿ?"

ಸರ್ಕಾರಿ ಸ್ವತ್ತಿಗೆ ಹಾನಿ ಎಂದು ಎಫ್‌ಐಆರ್ ದಾಖಲಾಯಿತು. ಆರೋಪಿಗಳು: ಅಪರಿಚಿತರು. ಬರೆಯುತ್ತಿದ್ದ ದಫೇದಾರರು ಗೊಣಗಿದರು.

"ಇಷ್ಟಕ್ಕೆಲ್ಲ ಎಫ್‌ಐಆರ್ ಯಾಕೆ ಮೇಡಂ? ಬೆಟ್ಟ ಅಗೆದು ಇಲಿ ಹಿಡಿದ ಹಾಗೆ. ಟೇಪು ಹಳೇದು, ಹಿಗ್ಗಿದೆ ಅಂತ ಬರೆದು ಮುಗಿಸಿಬಿಡೋಣ."

"ನಿಮಗ್ಯಾಕೆ ಅಷ್ಟು ಅವಸರ?"

"ಅವಸರ ಏನಿಲ್ಲ ಮೇಡಂ. ಬಿಸಿಲು."

ಮಧ್ಯಾಹ್ನ ಸ್ಥಳ ಪಂಚನಾಮೆ. ಓಣಿಯ ಮನೆಗಳೆಲ್ಲ ಒಂದೇ ಅಚ್ಚಿನವು: ಮರದ ಚೌಕಟ್ಟು, ತಗಡಿನ ಗೋಡೆ, ತಗಡಿನ ಮಾಡು, ಕೆಳಗೆ ನಾಲ್ಕು ಮೂಲೆಗೆ ನಾಲ್ಕು ಕಲ್ಲು. ಕೊನೆಯದೊಂದನ್ನು ಬಿಟ್ಟು ಒಂದೊಂದು ಬಾಗಿಲ ಪಕ್ಕದಲ್ಲೂ ಹೊಸ ಮೀಟರ್ ಪೆಟ್ಟಿಗೆ. ಕೊನೆಯಲ್ಲಿ ಎರಡು ಮನೆಗಳು ಗೋಡೆಗೆ ಗೋಡೆ ತಾಗಿಸಿ ನಿಂತಿದ್ದವು. ಈಚೆಯದು ಹೊಲಿಗೆಯ ಟೈಲರಮ್ಮನದು, ಆಚೆಯದು ದೊಡ್ಡಮ್ಮನದು. ಇಬ್ಬರೂ ಅಣ್ಣತಮ್ಮಂದಿರನ್ನು ಮದುವೆಯಾಗಿ ಬಂದ ಓರಗಿತ್ತಿಯರು. ದೊಡ್ಡಮ್ಮನ ಗಂಡ ತೀರಿಕೊಂಡು ಆರು ವರ್ಷವಾಗಿತ್ತು.

ಇನ್‌ಸ್ಪೆಕ್ಟರ್ ಕಂಬದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತರು. ಕಾಂಕ್ರೀಟಿನ ಮೇಲೆ ನಾಯಿಯ ಹೆಜ್ಜೆಗಳು ಅಚ್ಚೊತ್ತಿದ್ದವು. ಒಂದು ಬಿರುಕೂ ಇರಲಿಲ್ಲ.

"ಈ ನಾಯಿ ಯಾವಾಗ ನಡೆದದ್ದು?"

"ಕಂಬ ನೆಟ್ಟ ದಿನಾನೇ ಮೇಡಂ, ಕಾಂಕ್ರೀಟ್ ಹಸಿ ಇದ್ದಾಗ. ಒಂದೂವರೆ ವರ್ಷ ಆಯ್ತು," ಎಂದರು ಎಂಜಿನಿಯರ್.

"ಹಾಗಾದ್ರೆ ಕಂಬ ಒಂದೂವರೆ ವರ್ಷದಿಂದ ಇಲ್ಲೇ ನಿಂತಿದೆ. ನಡೆದದ್ದು ನಾಯಿ ಮಾತ್ರ."

ಎಂಜಿನಿಯರ್ ಮುಖ ಸಪ್ಪಗಾಯಿತು. ಕಂಬ ಸರಿದಿಲ್ಲವೆಂದರೆ ಸುಳ್ಳು ತಮ್ಮದು. ಆತ ಟೇಪನ್ನು ಮಗುವಿನ ಹಾಗೆ ಎದೆಗವುಚಿಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟರು.

ಪಂಚರಾಗಿ ಬಂದವರಲ್ಲಿ ಒಬ್ಬ ಸೈಕಲ್ ರಿಪೇರಿಯವನು. ಸಹಿ ಹಾಕಲು ಹೇಳಿದರೆ ಎಡಗೈಯಲ್ಲಿ ಗೀಚಿದ.

"ಎಡಚನಾ?"

"ಅಲ್ಲ ಮೇಡಂ. ಬಲಗೈ ಮೇಲೆ ಬರ್ತಿಲ್ಲ."

ಇನ್ನೊಬ್ಬ ಪಂಚ ಮೈ ಬಗ್ಗಿಸಲಾಗದೆ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು ಸಹಿ ಹಾಕಿದ. ಎದುರು ಮನೆಯ ಗಂಡಸು ಕತ್ತು ಒಂದೇ ಕಡೆಗೆ ಇಟ್ಟುಕೊಂಡು, ಯಾರೋ ಬದಿಯಿಂದ ಕರೆಯುತ್ತಿದ್ದಾರೆ ಎಂಬಂತೆ ನಿಂತಿದ್ದ. ಓಣಿಗೆ ಓಣಿಯೇ ನೋವಿನ ಮುಲಾಮಿನ ವಾಸನೆ ಹೊಡೆಯುತ್ತಿತ್ತು.

ವಿಚಾರಣೆ ಶುರುವಾಯಿತು.

"ಈ ವಾರ ಓಣಿಯಲ್ಲಿ ಏನಾದ್ರೂ ವಿಶೇಷ ನಡೀತಾ?"

"ಇಲ್ಲ."

"ಏನಾದ್ರೂ ಸದ್ದು?"

"ಇಲ್ಲ."

"ನಿನ್ನ ಸೊಂಟಕ್ಕೆ ಏನಾಯ್ತು?"

"ಹುಟ್ಟಿದಾಗಿನಿಂದ ಹೀಗೇ ಮೇಡಂ."

ಹನ್ನೊಂದು ಮನೆ, ಒಂದೇ ಉತ್ತರ. ಯಾರೂ ಯಾರ ಮೇಲೂ ಬೆರಳು ತೋರಿಸಲಿಲ್ಲ, ಪಕ್ಕದ ಮನೆಯವರ ಚರಂಡಿಯ ಮಾತು ಕೂಡ ಎತ್ತಲಿಲ್ಲ. ಇನ್‌ಸ್ಪೆಕ್ಟರಿಗೆ ಸಂಶಯ ಗಟ್ಟಿಯಾದದ್ದೇ ಅಲ್ಲಿ. ಮನೆಯಲ್ಲಿ ಎರಡು ಮಕ್ಕಳು ಜಗಳವಿಲ್ಲದೆ ಸುಮ್ಮನಿವೆ ಎಂದರೆ ಎರಡೂ ಸೇರಿ ಏನನ್ನೋ ಒಡೆದಿವೆ ಎಂದೇ ಅರ್ಥ. ಹನ್ನೊಂದು ಮನೆ ಸುಮ್ಮನಿದ್ದರೆ ಒಡೆದದ್ದು ದೊಡ್ಡದೇ ಇರಬೇಕು.

ಕೊನೆಗೆ ದೊಡ್ಡಮ್ಮ. ಐವತ್ತೈದರ ಹೆಂಗಸು, ಮೊಟ್ಟೆ ವ್ಯಾಪಾರ, ಗಂಟಲು ಪೇಟೆಯವರೆಗೂ ಕೇಳುವಂಥದ್ದು.

"ಅಮ್ಮ, ನಿಮ್ಮ ಮನೆ ಮೊದಲಿಂದಲೂ ಇಲ್ಲೇ ಇತ್ತಾ?"

"ಮನೆ ಮತ್ತೆಲ್ಲಿರುತ್ತೆ? ನನ್ನ ಹಾಗೆ ತವರಿಗೆ ಹೋಗಿ ಬರುತ್ತಾ?"

"ನೀವು ತವರಿಗೆ ಹೋಗಿದ್ರಾ?"

"ತಮ್ಮನ ಮನೆಗೆ. ಶನಿವಾರ ಹೋದೆ, ಭಾನುವಾರ ಸಂಜೆ ಬಂದೆ."

"ಬಂದಾಗ ಏನಾದ್ರೂ ಹೆಚ್ಚುಕಮ್ಮಿ ಆಗಿತ್ತಾ?"

"ಒಳಗೆ ಪಾತ್ರೆ ಪಗಡಿ ಎಲ್ಲಾ ಇಟ್ಟಲ್ಲೇ ಇತ್ತು."

ಆ 'ಒಳಗೆ' ಎಂಬ ಮಾತು ಇನ್‌ಸ್ಪೆಕ್ಟರ್ ಕಿವಿಯಲ್ಲಿ ನಿಂತಿತು. ಅಷ್ಟರಲ್ಲಿ ಮನೆಯಾಚೆಯ ಬಯಲಿನಲ್ಲಿ ಒಂದು ಕೋಳಿ ಕಣ್ಣಿಗೆ ಬಿತ್ತು. ಸುತ್ತ ಏನೂ ಇಲ್ಲದ ಜಾಗದಲ್ಲಿ, ಬೋಳು ನೆಲದ ಮೇಲೆ, ರಾಣಿಯ ಹಾಗೆ ಕೂತಿತ್ತು.

"ಆ ಕೋಳಿ ಯಾರದು?"

"ನಂದೇ."

"ಅಲ್ಯಾಕೆ ಕೂತಿದೆ?"

"ಅದಕ್ಕೆ ಬುದ್ಧಿ ಇಲ್ಲ."

"ಮೊಟ್ಟೆ ಎಲ್ಲಿಡುತ್ತೆ?"

"ಒಲೆ ಹಿಂದಿನ ಮೂಲೇಲಿ..." ಎಂದ ದೊಡ್ಡಮ್ಮ ನಾಲಿಗೆ ಕಚ್ಚಿಕೊಂಡಳು.

ಇನ್‌ಸ್ಪೆಕ್ಟರ್ ಬಯಲಿಗೆ ನಡೆದರು. ಸುತ್ತಲೂ ಮೊಣಕಾಲೆತ್ತರ ಹುಲ್ಲು, ನಡುವೆ ಚೌಕಾಕಾರದ ಬೋಳು ನೆಲ. ನಾಲ್ಕು ಮೂಲೆಗೆ ನಾಲ್ಕು ಕುಳಿ. ಒಂದು ಬದಿಯಲ್ಲಿ ಒಲೆಯ ಬೂದಿ, ಅದರ ಹಿಂದೆ ಕೋಳಿ. ಮುಂದೆ, ಯಾವ ಮನೆಗೂ ಸೇರದ ಬಾಗಿಲ ಮೆಟ್ಟಿಲು. ಮನೆ ಬಿಟ್ಟು ಹೋದರೂ ಕೋಳಿ ವಿಳಾಸ ಬಿಟ್ಟಿರಲಿಲ್ಲ.

"ಎಂಜಿನಿಯರೇ, ಈ ಮೆಟ್ಟಿಲಿಂದ ಅಳೀರಿ."

ಮೂವತ್ತೊಂಬತ್ತು. ಎಂಜಿನಿಯರ್ ಕಣ್ಣಲ್ಲಿ ನೀರು ಬಂತು. "ನಾನು ಸುಳ್ಳುಗಾರ ಅಲ್ಲ ಮೇಡಂ! ಮನೇನೇ ಸುಳ್ಳು ಹೇಳಿದ್ದು!"

"ದೊಡ್ಡಮ್ಮ, ಈಗ ಹೇಳಿ."

"ಏನು ಹೇಳ್ಲಿ ತಾಯಿ," ಎಂದು ಆಕೆ ಸೆರಗು ಬಾಯಿಗೆ ತಂದಳು. "ಊರಿಂದ ಬಂದೆ. ಮೆಟ್ಟಿಲಿದೆ, ಮನೆ ಇಲ್ಲ. ಎದೆ ಧಸಕ್ ಅಂತು. ತಿರುಗಿ ನೋಡ್ತೀನಿ, ಅಗೋ ಅಲ್ಲಿದೆ! ಮನೆ ಕಡೆ ನೋಡ್ದೆ, ಕಂಬದ ಕಡೆ ನೋಡ್ದೆ. ಉಸಿರೆತ್ತದೆ ಒಳಗೆ ಹೋಗಿ ಬಾಗಿಲು ಹಾಕ್ಕೊಂಡೆ. ಬೆಳಗಾಗ್ತಲೂ ಅರ್ಜಿ ಕೊಟ್ಟೆ."

"ಯಾರು ಮಾಡಿದ್ದು?"

"ಗೊತ್ತಿದ್ರೆ ಬಿಡ್ತಿದ್ನಾ? ನನ್ನ ಮನೆ ಎತ್ತೋ ಮೊದಲು ನನ್ನ ಒಂದು ಮಾತು ಕೇಳಬಾರದಾ?"

ಇನ್‌ಸ್ಪೆಕ್ಟರ್ ದಫೇದಾರರ ಕಡೆ ತಿರುಗಿದರು. ಅವರು ದೂರದ ಮೋಡವನ್ನು ಪರೀಕ್ಷಿಸುತ್ತಿದ್ದರು.

"ದಫೇದಾರರೇ, ಇಲ್ಲಿ ನೋಡಿ."

ದಫೇದಾರರು ಕತ್ತು ತಿರುಗಿಸದೆ ಇಡೀ ದೇಹವನ್ನೇ ತಿರುಗಿಸಿದರು, ಬೀರು ತಿರುಗಿಸಿದ ಹಾಗೆ.

"ಭಾನುವಾರ ಎಲ್ಲಿದ್ರಿ?"

"ವಾರದ ರಜೆ ಮೇಡಂ."

"ಎಲ್ಲಿದ್ರಿ ಅಂದೆ."

"ನೈಋತ್ಯದ ಮೂಲೆ ಹಿಡಿದಿದ್ದೆ ಮೇಡಂ."

ಓಣಿಯೆಲ್ಲ ಒಮ್ಮೆಗೇ ಉಸಿರು ಬಿಟ್ಟಿತು. ದಫೇದಾರರ ನಾದಿನಿಯ ಮನೆ ಅಲ್ಲೇ ಎರಡನೆಯದು. ಭಾನುವಾರ ಬೆಳಗ್ಗೆ ಕಾಫಿಗೆಂದು ಹೋದವರನ್ನು ಹೆಗಲು ಕೊಡಿ ಎಂದು ಕರೆದಿದ್ದರು. ಇಪ್ಪತ್ತಾರು ಜನ ಸೇರಿ, ಒಳಗೆ ಗೋಡೆಯ ಹಲಗೆಯ ಮೇಲಿನ ಪಾತ್ರೆ ಅಲುಗದ ಹಾಗೆ, ಮನೆಯನ್ನು ಎತ್ತಿ, ನಡೆಸಿ, ಇಳಿಸಿದ್ದರು.

"ಕರೆದದ್ದು ಯಾರು?"

ದಫೇದಾರರು ಬಾಯಿ ಬಿಡುವ ಮೊದಲೇ ಹಿಂದಿನಿಂದ ಹೊಲಿಗೆ ಯಂತ್ರದ ಸದ್ದು ನಿಂತಿತು. "ನಾನು ಮೇಡಂ," ಎಂದಳು ಟೈಲರಮ್ಮ, ಬಾಯಲ್ಲಿದ್ದ ಸೂಜಿ ತೆಗೆದು. "ಬೇರೆ ಯಾರನ್ನೂ ಬೈಬೇಡಿ. ಅವರಿಗೆ ಊಟ ಹಾಕಿದ್ದೂ ನಾನೇ."

ದೊಡ್ಡಮ್ಮ ಓರಗಿತ್ತಿಯನ್ನು ಮೇಲಿಂದ ಕೆಳಗೆ ನೋಡಿದಳು. ಒಂದು ಮಾತೂ ಆಡದೆ ಒಳಗೆ ಹೋದಳು. ಓಣಿಯವರು ಹೇಳುವ ಪ್ರಕಾರ ಅಂಥದ್ದು ಹಿಂದೆಂದೂ ನಡೆದಿರಲಿಲ್ಲ.

ಠಾಣೆಗೆ ಮರಳಿ ಕಾನೂನು ಪುಸ್ತಕ ತೆರೆದರೆ ಹೊಸ ತಲೆನೋವು. ಸ್ಥಿರಾಸ್ತಿಯನ್ನು ಕದಿಯಲು ಬರುವುದಿಲ್ಲ.

"ಎತ್ತೋ ಮೊದಲು ಸ್ಥಿರಾಸ್ತಿ ಮೇಡಂ," ಎಂದರು ದಫೇದಾರರು, ತಮ್ಮ ತಪ್ಪನ್ನು ದುಡಿದು ತೀರಿಸುವ ಉತ್ಸಾಹದಲ್ಲಿ. "ಎತ್ತಿದ ಮೇಲೆ ಚರಾಸ್ತಿ. ಇಳಿಸಿದ ಮೇಲೆ ಮತ್ತೆ ಸ್ಥಿರಾಸ್ತಿ. ಅಪರಾಧ ಅಂತ ಆಗಿದ್ರೆ ಹೆಗಲ ಮೇಲಿದ್ದಾಗ ಮಾತ್ರ."

"ಅಷ್ಟು ಹೊತ್ತು ನಿಮ್ಮ ಹೆಗಲ ಮೇಲಿತ್ತು."

ದಫೇದಾರರು ಪುಸ್ತಕ ಮುಚ್ಚಿದರು.

ಬುಧವಾರ ಇನ್‌ಸ್ಪೆಕ್ಟರ್ ಮುಕ್ತಾಯ ವರದಿ ಬರೆದರು. ಕಂಬ ನೆಟ್ಟಲ್ಲೇ ಇದೆ. ಮನೆ ಕಂಬದಿಂದ ಇಪ್ಪತ್ತೊಂಬತ್ತು ಮೀಟರಿನಲ್ಲಿದೆ. ಮನೆ ಈ ಮೊದಲು ಎಲ್ಲಿತ್ತು ಎಂದು ಯೋಜನೆಯ ನಿಯಮ ಎಲ್ಲೂ ಕೇಳುವುದಿಲ್ಲ. ಎಂಜಿನಿಯರ್ ವರದಿ ಓದಿ ಕಣ್ಣಿಗೊತ್ತಿಕೊಂಡರು.

"ಮನೆ ಇನ್ನು ಮುಂದೆ ಓಡಾಡಲ್ಲ ಅಂತ ಒಂದು ಸಾಲು ಸೇರಿಸ್ತೀರಾ ಮೇಡಂ?"

"ಅದನ್ನ ಕೋಳಿ ಹತ್ರ ಬರೆಸ್ಕೊಳ್ಳಿ."

ಶುಕ್ರವಾರ ದೊಡ್ಡಮ್ಮನ ಮನೆಯಲ್ಲಿ ದೀಪ ಹತ್ತಿತು. ಶನಿವಾರ ಬೆಳಗ್ಗೆ ಠಾಣೆಯ ಬಾಗಿಲು ಗುಡಿಸುವ ಹೊತ್ತಿಗೇ ಆಕೆ ಹಾಜರು.

"ದೂರು ಬರ್ಕೊಳ್ಳಿ. ನನ್ನ ಓರಗಿತ್ತಿ ನನ್ನ ಕೇಳದೆ ನನ್ನ ಮನೆ ಎತ್ತಿದಾಳೆ."

"ಮಂಗಳವಾರಾನೇ ಗೊತ್ತಾಗಿತ್ತಲ್ಲ ಅಮ್ಮ?"

"ಮೊದಲು ದೀಪ ಹತ್ತಲಿ ಅಂತ ಕಾದೆ. ದಡ್ಡಿ ಅಂದ್ಕೊಂಡ್ರಾ?"

ಮಾಲೀಕಳೇ ದೂರು ಕೊಟ್ಟ ಮೇಲೆ ಬಿಡುವ ಹಾಗಿರಲಿಲ್ಲ. ಹನ್ನೊಂದು ಗಂಟೆಗೆ ಟೈಲರಮ್ಮನ ಬಂಧನವಾಯಿತು. ಆರೋಪಿ ಯಾವ ಪ್ರತಿರೋಧವನ್ನೂ ತೋರಲಿಲ್ಲ. ಶಾಲೆಯ ಅಂಗಿಯೊಂದರ ಕಾಲರ್ ಮುಗಿಸಲು ಸಮಯ ಕೇಳಿದಳು, ಕೊಟ್ಟರು. ಇನ್‌ಸ್ಪೆಕ್ಟರ್ ನಿಂತೇ ಇದ್ದುದನ್ನು ನೋಡಿ ಅವರ ಸಮವಸ್ತ್ರದ ಸಡಿಲ ಗುಂಡಿಯನ್ನೂ ಹೊಲಿದುಕೊಟ್ಟಳು.

ಠಾಣೆಯಲ್ಲಿ ಹೇಳಿಕೆ.

"ಯಾಕೆ ಮಾಡಿದೆ?"

"ಕಾಟ ತಡೀಲಾರದೆ ಮೇಡಂ. ಒಂದೂವರೆ ವರ್ಷದಿಂದ ದಿನಾ ಸಂಜೆ ನನ್ನ ಬಲ್ಬಿನ ಕೆಳಗೆ ಬಂದು ಕೂರ್ತಾಳೆ. ನನ್ನ ಹೊಲಿಗೆ ಸೊಟ್ಟ. ನನ್ನ ಗಂಡನ ಹೊಟ್ಟೆ ದಪ್ಪ. ನನ್ನ ನೆಲ ಜಿಡ್ಡು. ಬೆಳಕು ನಂದು, ಅದರಲ್ಲಿ ಕಾಣೋ ತಪ್ಪೂ ನಂದೇ! ಅವಳಿಗೂ ಒಂದು ಬಲ್ಬು ಆದ್ರೆ ಅವಳ ಪಾಡಿಗೆ ಅವಳಿರ್ತಾಳೆ ಅಂತ."

"ಅವಳನ್ನ ದೂರ ಇಡೋಕೆ ಅವಳ ಮನೇನ ನಿನ್ನ ಗೋಡೆಗೇ ತಂದು ನಿಲ್ಲಿಸ್ದೆಯಾ?"

ಟೈಲರಮ್ಮ ಯೋಚಿಸಿದಳು. "ಆ ಲೆಕ್ಕ ಹಾಕಿರಲಿಲ್ಲ ಮೇಡಂ."

"ಮನೆ ಇಳಿಸಿದ ಜಾಗ ಯಾರದು?"

"ನಂದೇ. ಬಟ್ಟೆ ಒಣಗಿಸ್ತಿದ್ದೆ."

"ಈಗೆಲ್ಲಿ ಒಣಗಿಸ್ತೀಯ?"

ದಫೇದಾರರು ಬರೆದದ್ದನ್ನು ಮುಂದೆ ತಳ್ಳಿದರು. ಸಹಿ ಹಾಕಲು ಪೆನ್ನು ಹಿಡಿದ ಟೈಲರಮ್ಮ ಅದನ್ನೇ ನೋಡುತ್ತಾ ಕೂತಳು. ದನಿ ತಗ್ಗಿತ್ತು.

"ನಾನು ಮದುವೆಯಾಗಿ ಬಂದಾಗಿಂದ ನೋಡಿದ್ದೀನಿ. ಅಕ್ಕ ಯಾರ ಬಾಗಿಲಲ್ಲೂ ನಿಂತು ಕೇಳಿದವಳಲ್ಲ. ನುಗ್ಗೋಳು. ಸೀದಾ ಬಂದು ಪಾತ್ರೆ ಮುಚ್ಚಳ ತೆಗೆದು ಮೂಗು ತೂರಿಸೋಳು. ಮೈ ಉರೀತಿತ್ತು. ಆದ್ರೆ ನಮ್ಮನೆಗೆ ದೀಪ ಬಂತು ನೋಡಿ, ಅವತ್ತಿಂದ ಹೊಸ್ತಿಲಾಚೆ ನಿಲ್ತಾಳೆ. ಕೈಲೊಂದು ಮಣೆ ಹಿಡ್ಕೊಂಡು, 'ಬರಲಾ? ಐದೇ ನಿಮಿಷ' ಅಂತಾಳೆ. ದಿನಾ ಕೇಳ್ತಾಳೆ. ಬೈಯೋದನ್ನ ಹೇಗೋ ತಡ್ಕೋತೀನಿ ಮೇಡಂ. ಆ 'ಬರಲಾ' ಅನ್ನೋದನ್ನ ತಡ್ಕೊಳ್ಳೋಕಾಗ್ಲಿಲ್ಲ."

"ಇದನ್ನೂ ಬರೀಲಾ ಮೇಡಂ?" ಎಂದು ದಫೇದಾರರು ಮೆಲ್ಲಗೆ ಕೇಳಿದರು.

"ಬೇಡ. ಕಾಟ ತಡೀಲಾರದೆ ಅಂತಲೇ ಇರಲಿ."

ಆಗ ಹೊರಗೆ ಗದ್ದಲವೆದ್ದಿತು. "ಅಮ್ಮ, ನಿಲ್ಲಿ, ಹಾಗೆಲ್ಲ ಒಳಗೆ ಹೋಗಬಾರದು!" ಎಂದು ಪಹರೆಯವನು ಕೂಗುತ್ತಿದ್ದ. ಬಾಗಿಲು ಗೋಡೆಗೆ ಬಡಿಯಿತು. ದೊಡ್ಡಮ್ಮ ಒಳಗಿದ್ದಳು.

"ಇಲ್ಲಿ ಕೂತಿದ್ದೀಯಾ? ಅಲ್ಲಿ ಬಲ್ಬು ಹಾಕಿ ನೋಡಿದ್ರೆ ಒಂದು ತಗಡೂ ನೆಟ್ಟಗಿಲ್ಲ! ಮನೆ ಎತ್ತೋಕೆ ಬರದಿದ್ರೆ ಯಾಕೆ ಎತ್ತಬೇಕಿತ್ತು? ಎಲ್ರೀ ಸಹಿ ಹಾಕೋದು? ಇವಳ ಜಾಮೀನು ನಂದು."

"ದೂರು ಕೊಟ್ಟವರೇ ಜಾಮೀನು ನಿಲ್ಲೋ ಹಾಗಿಲ್ಲ ಅಮ್ಮ," ಎಂದರು ಇನ್‌ಸ್ಪೆಕ್ಟರ್.

"ಯಾಕಿಲ್ಲ? ದೂರೂ ನಂದು, ಓರಗಿತ್ತೀನೂ ನಂದು!"

ಇನ್‌ಸ್ಪೆಕ್ಟರ್ ಕಾನೂನು ಪುಸ್ತಕದತ್ತ ಕೈ ಚಾಚಿ, ಮತ್ತೆ ಹಿಂದೆ ತೆಗೆದರು. ಟೈಲರಮ್ಮ ತಲೆ ತಗ್ಗಿಸಿ ಸಹಿ ಹಾಕುತ್ತಿದ್ದಳು, ಭುಜ ಅಲುಗುತ್ತಿತ್ತು, ಅಳುವೋ ನಗುವೋ ತಿಳಿಯಲಿಲ್ಲ. ದೊಡ್ಡಮ್ಮ ಅಷ್ಟರಲ್ಲಿ ಮೇಜಿನ ಮೇಲಿದ್ದ ದಫೇದಾರರ ಬುತ್ತಿಯ ಮುಚ್ಚಳ ತೆಗೆದು ಮೂಗು ಹತ್ತಿರ ತಂದಿದ್ದಳು.

"ಈರುಳ್ಳಿ ಸೀದಿದೆ," ಎಂದಳು.